ನಟನೋ? ನಕಲುಗಾರನೋ? ಗಿಟಾರ್ ಹುಡುಗನ ಪೇಚು!

ಬೆಟ್ಟದ ತುದಿಯಲ್ಲಿ ಹೀರೋ ನಿಂತಿದ್ದಾನೆ. ಕೈಯಲ್ಲಿ ಕೆಂಪು ಎಲೆಕ್ಟ್ರಿಕ್ ಗಿಟಾರು. ಗಾಳಿಗೆ ಕೂದಲು ಹಾರುತ್ತಿದೆ, ಹೀರೋಯಿನ್ ಓಡಿ ಬರುತ್ತಿದ್ದಾಳೆ, ಗಿಟಾರು ಗುಡುಗುತ್ತಿದೆ! ಆದರೆ ವೈರ್ ಎಲ್ಲಿ? ಕರೆಂಟ್ ಎಲ್ಲಿ? ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹೊಡೆಯುವ ನಾವು ಈ ಪ್ರಶ್ನೆ ಯಾವತ್ತೂ ಕೇಳಿದವರಲ್ಲ. ಕೇಳಲೂಬಾರದು. ಸಿನಿಮಾದ ಮಜಾ ಇರೋದೇ ಅಲ್ಲಿ.

ಆದರೆ ಜಾತ್ರೆಯ ಸ್ಟೇಜ್ ಹತ್ತುವ ಆರ್ಕೆಸ್ಟ್ರಾ ಹುಡುಗನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಯಾಕೆಂದರೆ ಮಿತ್ರರೇ, ಎಲೆಕ್ಟ್ರಿಕ್ ಗಿಟಾರಿಗೆ ಸ್ವಂತ ಕಂಠವೇ ಇಲ್ಲ! ವೈರ್ ಕಿತ್ತು ಮೀಟಿ ನೋಡಿ, ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಿಸುವುದಿಲ್ಲ. ತುಟಿ ಆಡಿಸುವವನು ಗಿಟಾರು, ಹಾಡುವವನು ಆಂಪ್ಲಿಫೈಯರ್. ಅದೇ ಅವನ ಹಿನ್ನೆಲೆ ಗಾಯಕ. ಗಾಯಕ ಬದಲಾದರೆ ಹಾಡೇ ಬದಲು.

ರೊಕ್ಕ ಒಂದು, ಪೆಟ್ಟಿಗೆ ಎರಡು

ನಾನು ಕಳಸಾಪುರದವನು. ಗದಗಿನ ಸುತ್ತಮುತ್ತ ಆರ್ಕೆಸ್ಟ್ರಾಗಳ ಜೊತೆ ಸೌಂಡ್ ಕೆಲಸ ಮಾಡುತ್ತಾ ಬಂದವನು. ಕಳೆದ ಸುಗ್ಗಿ ಮುಗಿದ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದ. ಹೆಸರು ಬೇಡ, ಊರಿಗೆಲ್ಲಾ ಗೊತ್ತಾಗಿಬಿಡುತ್ತದೆ.

"ಕಾಕಾ, ಮಾಡೆಲರ್ ತಗೋಬೇಕೋ, ಪ್ರೊಫೈಲರ್ ತಗೋಬೇಕೋ? ಹೆಸರುಕಾಳು ಮಾರಿದ ರೊಕ್ಕದಾಗ ಅಪ್ಪ ಒಂದಿಷ್ಟು ಕೊಟ್ಟಾನ್ರಿ. ಎರಡನೇ ಸಲ ಕೊಡಂಗಿಲ್ಲ ಅಂದಾನ."

"ಈಗ ಇದ್ದದ್ದಕ್ಕ ಏನಾಗೇತಿ?"

"ಏನೂ ಆಗಿಲ್ರಿ. ಆದ್ರ ನಮ್ಮ ಮಾಲಕರು ಕೀಬೋರ್ಡಿನ್ಯಾಗ ಗಿಟಾರ್ ಸದ್ದೂ ಬರ್ತದ, ಇನ್ನ ನಿನಗ್ಯಾಕ ಪಗಾರ ಕೊಡ್ಲಿ ಅಂತಾರ."

ನೋಡಿದಿರಾ! ವಿಷಯ ಬರೀ ಪೆಟ್ಟಿಗೆಯದಲ್ಲ, ಹುಡುಗನ ಅನ್ನದ್ದು.

ಹಳೇ ಪೈಲ್ವಾನರು

ಮೊದಲು ಸ್ವಲ್ಪ ಫ್ಲ್ಯಾಶ್‌ಬ್ಯಾಕ್. ಅಮೆರಿಕದ ಫೆಂಡರ್, ಇಂಗ್ಲೆಂಡಿನ ವೋಕ್ಸ್, 1962ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಾರ್ಷಲ್... ಇವೆಲ್ಲ ಗಾಜಿನ ವಾಲ್ವ್ ಇದ್ದ ಆಂಪ್‌ಗಳು. ವಾಲ್ವ್‌ಗೆ ತಾಕತ್ತು ಮೀರಿ ದುಡಿಸಿದರೆ ಸದ್ದು ಒಡೆಯುತ್ತದೆ. ಆ ಒಡಕಿನಲ್ಲೇ ಒಂದು ಸಿಹಿ! ಜಗತ್ತಿನ ರಾಕ್ ಸಂಗೀತವೆಲ್ಲಾ ಆ ಒಡಕಿನ ಮೇಲೇ ನಿಂತಿದೆ. ಆದರೆ ಆ ಸಿಹಿ ಬರಬೇಕಾದರೆ ಕಿವಿ ಕಿತ್ತುಹೋಗುವಷ್ಟು ಜೋರಾಗಿ ನುಡಿಸಬೇಕು. ಫೆಂಡರ್ ಟ್ವಿನ್ ರಿವರ್ಬ್, ವೋಕ್ಸ್ ಎಸಿ 30 ಎಂಬ ಹೆಸರಾಂತ ಆಂಪ್‌ಗಳ ತೂಕ ಸುಮಾರು 30 ಕಿಲೋ. ಅದನ್ನು ಹೊತ್ತು ಗದಗ ಬಸ್ ಸ್ಟ್ಯಾಂಡಿನಲ್ಲಿ ಬಸ್ ಹತ್ತಿ ನೋಡಿ, ಕಂಡಕ್ಟರು ಲಗೇಜ್ ಟಿಕೆಟ್ ಹರಿಯುವುದರೊಳಗೆ ಸೊಂಟ ಹರಿದಿರುತ್ತದೆ!

ನಮ್ಮ ಸಿನಿಮಾದಲ್ಲೂ ಗಿಟಾರಿನ ಗತ್ತು ಕಡಿಮೆಯದಲ್ಲ. ಇಳಯರಾಜಾ 1976ರಲ್ಲಿ ಸಂಗೀತ ನಿರ್ದೇಶಕರಾಗುವ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಬಳಿ ಗಿಟಾರ್ ನುಡಿಸುತ್ತಾ ಸಹಾಯಕರಾಗಿದ್ದವರು. ಅದೇ ಇಳಯರಾಜಾ ಸಂಗೀತ ಕೊಟ್ಟ, ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' (1981) ಚಿತ್ರದ ಹಾಡು ಇಲ್ಲದೆ ಇವತ್ತಿಗೂ ನಮ್ಮ ಕಡೆ ಜಾತ್ರೆಯ ಆರ್ಕೆಸ್ಟ್ರಾ ಮುಗಿಯುವುದಿಲ್ಲ. ಅದಾದ ಮೇಲೆ ಹಂಸಲೇಖರ 'ಪ್ರೇಮಲೋಕ' (1987), ಆಮೇಲೆ 'ಮುಂಗಾರು ಮಳೆ' (2006). ಒಂದೇ ರಾತ್ರಿಯಲ್ಲಿ ಒಬ್ಬನೇ ಹುಡುಗ ಇಷ್ಟೂ ಕಾಲದ ಗಿಟಾರ್ ಸದ್ದು ತೆಗೆಯಬೇಕು. ಇದನ್ನು ನೆನಪಿಟ್ಟುಕೊಳ್ಳಿ, ತೀರ್ಪು ಇದರಲ್ಲೇ ಅಡಗಿದೆ.

ಪಾತ್ರ ಕಲಿತ ನಟ

1998ರಲ್ಲಿ ಅಮೆರಿಕದ ಲೈನ್ 6 ಕಂಪನಿ ಅವರೆಕಾಳಿನ ಆಕಾರದ ಒಂದು ಕೆಂಪು ಪೆಟ್ಟಿಗೆ ತಂದಿತು. ಹೆಸರು ಪಾಡ್. ಹತ್ತಾರು ಆಂಪ್‌ಗಳ ಸದ್ದು ಅದರ ಹೊಟ್ಟೆಯಲ್ಲಿ! ಇದೇ ಮಾಡೆಲರ್ ಜಾತಿ. ಮುಂದೆ ಫ್ರ್ಯಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್ (2006), ಲೈನ್ 6ರದೇ ಹೀಲಿಕ್ಸ್ (2015) ಬಂದವು.

ಮಾಡೆಲರ್ ಮಾಡುವುದೇನು? ಆಂಪ್‌ನ ಒಳಗಿನ ವಾಲ್ವ್, ಟ್ರಾನ್ಸ್‌ಫಾರ್ಮರ್, ಬಾಸ್-ಟ್ರೆಬಲ್ ತಿರುಪುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಇಂಜಿನಿಯರುಗಳು ಓದಿ, ಲೆಕ್ಕ ಬರೆದು ಚಿಪ್ಪಿಗೆ ಕಲಿಸುತ್ತಾರೆ. ಅಂದರೆ ಅದು ಪಾತ್ರದ ಗುಣ ಅರೆದು ಕುಡಿದ ನಟ. ನಿರ್ದೇಶಕ "ಸ್ವಲ್ಪ ಸಿಟ್ಟು ಹೆಚ್ಚು ಮಾಡಪ್ಪಾ" ಅಂದರೆ ಪಾತ್ರ ಕೆಡದಂತೆ ಸಿಟ್ಟು ಹೆಚ್ಚು ಮಾಡುತ್ತಾನೆ. ತಿರುಪು ತಿರುಗಿಸಿದರೆ ಅಸಲಿ ಆಂಪ್ ಹೇಗೆ ವರ್ತಿಸುತ್ತಿತ್ತೋ ಹಾಗೇ ವರ್ತಿಸುತ್ತದೆ.

ಅಚ್ಚು ತೆಗೆಯುವ ಜಾಣ

2011ರಲ್ಲಿ ಜರ್ಮನಿಯ ಕ್ರಿಸ್ಟೋಫ್ ಕೆಂಪರ್ ಬೇರೆಯೇ ದಾರಿ ಹಿಡಿದರು. ಅವರ ಪ್ರೊಫೈಲರ್ ಆಂಪ್‌ನ ಒಳಗನ್ನು ಓದುವುದಿಲ್ಲ. ನಿಜವಾದ ಆಂಪ್ ಮುಂದೆ ಮೈಕ್ ಇಟ್ಟು, ಆಂಪ್‌ಗೆ ಚಿತ್ರವಿಚಿತ್ರ ಸದ್ದು ಕಳಿಸುತ್ತದೆ. ಹೊರಗೆ ಬಂದದ್ದನ್ನು ಕೇಳಿಸಿಕೊಂಡು ಅದರಂತೆಯೇ ತಾನೂ ಆಗಿಬಿಡುತ್ತದೆ. ಆಂಪ್, ಸ್ಪೀಕರ್, ಮೈಕ್ ಮೂರರ ಅಚ್ಚೂ ಒಟ್ಟಿಗೆ! 2021ರಲ್ಲಿ ಬಂದ ಫಿನ್ಲೆಂಡಿನ ಕ್ವಾಡ್ ಕಾರ್ಟೆಕ್ಸ್, 2022ರಲ್ಲಿ ಬಂದ ಇಟಲಿಯ ಟೋನೆಕ್ಸ್ ಕೂಡ ಅಚ್ಚು ತೆಗೆಯುತ್ತವೆ. ಇವು ಕಂಪ್ಯೂಟರಿಗೆ ಪಾಠ ಕಲಿಸುವ ಹೊಸ ವಿದ್ಯೆಯವು. ಇದೇ ವಿದ್ಯೆಯ ನ್ಯೂರಲ್ ಆಂಪ್ ಮಾಡೆಲರ್ ಎಂಬುದಂತೂ ಪುಕ್ಕಟೆ. ಹೆಸರಿನಲ್ಲಿ ಮಾಡೆಲರ್ ಇದ್ದರೂ ಕೆಲಸ ಅಚ್ಚಿನದು. ಲ್ಯಾಪ್‌ಟಾಪ್ ಇದ್ದವನು ಮನೆಯಲ್ಲೇ ರುಚಿ ನೋಡಬಹುದು.

ಅಚ್ಚು ಎಷ್ಟು ನಿಖರ ಅಂದರೆ ಅಸಲಿ ಯಾವುದು, ನಕಲಿ ಯಾವುದು ಎಂದು ಪಳಗಿದ ಕಿವಿಗೂ ಗೊಂದಲ. ಆದರೆ ಅದು ಆ ಒಂದು ದಿನದ, ತಿರುಪುಗಳು ಆ ಒಂದು ಜಾಗದಲ್ಲಿದ್ದಾಗಿನ ಅಚ್ಚು. ಒಡಕು ಸ್ವಲ್ಪ ಹೆಚ್ಚು-ಕಡಿಮೆ ಮಾಡಿದರೆ ಸರಿ. ಬಹಳ ದೂರ ಎಳೆದರೆ ಅಸಲಿಯ ದಾರಿ ತಪ್ಪುತ್ತದೆ. ಈ ಕೊರತೆ ತುಂಬಲೆಂದೇ ಕೆಂಪರ್ 2023ರಲ್ಲಿ ಲಿಕ್ವಿಡ್ ಪ್ರೊಫೈಲಿಂಗ್ ಎಂಬುದನ್ನು ತಂದರು.

ಗದಗಿನ ಮಾತಿನಲ್ಲೇ ಹೇಳಬೇಕೆಂದರೆ, ಮಾಡೆಲರ್ ರಾಗ ಕಲಿತ ಶಿಷ್ಯ. ಪ್ರೊಫೈಲರ್ ಗುರುಗಳು ಆ ಸಂಜೆ ಹಾಡಿದ್ದನ್ನು ಉಸಿರು ಸಮೇತ ಒಪ್ಪಿಸುವ ಶಿಷ್ಯ.

ಕಳಸಾಪುರದಲ್ಲಿ ಪರೀಕ್ಷೆ!

ಬಾಯಿಮಾತು ಸಾಕು ಅಂತ ಪರೀಕ್ಷೆಯನ್ನೇ ಮಾಡಿದೆವು. ಹುಬ್ಬಳ್ಳಿಯ ಗೆಳೆಯನೊಬ್ಬ ಪ್ರೊಫೈಲರ್ ತಂದ, ನಾನು ಒಂದು ಮಾಡೆಲರ್ ಎರವಲು ತಂದೆ. ಜಾತ್ರೆಗೆ ಕಟ್ಟುವ ಸೌಂಡ್ ಬಾಕ್ಸುಗಳನ್ನೇ ಕಟ್ಟಿದೆವು. ಹುಡುಗ ನುಡಿಸಿದ, ನಾನು ಬೆನ್ನು ತಿರುಗಿಸಿ ಕೂತು ಕೇಳಿದೆ.

ಮೊದಲನೇ ಪಾಠ: ಒಂಟಿಯಾಗಿ ಕೇಳಿದಾಗ ಪ್ರೊಫೈಲರ್ ಒಂದು ಕೈ ಮೇಲು. ಬಿರುಸು, ಮೈಕಿನ ಗಾಳಿ, ಎಲ್ಲಾ ಇತ್ತು. ಆದರೆ ಡೋಲಕ್, ಪ್ಯಾಡ್, ಕೀಬೋರ್ಡ್ ಸೇರಿದ ಕೂಡಲೇ ನನಗೆ ಎರಡಕ್ಕೂ ವ್ಯತ್ಯಾಸವೇ ಸಿಗಲಿಲ್ಲ.

ಎರಡನೇ ಪಾಠ: ಗಿಟಾರ್ ಆಂಪ್‌ನ ಸ್ಪೀಕರ್ ಸುಮಾರು 5,000 ಹರ್ಟ್ಸ್ ಮೇಲಿನ ಕೀರಲು ಸದ್ದನ್ನು ಬಹುಪಾಲು ನುಂಗಿಬಿಡುತ್ತದೆ. ಜಾತ್ರೆಯ ಬಾಕ್ಸು ನುಂಗುವುದಿಲ್ಲ. ಆದ್ದರಿಂದ ನೇರ ಮಿಕ್ಸರಿಗೆ ಕೊಡುವಾಗ ಸ್ಪೀಕರಿನ ನಕಲು ಆನ್ ಇರಲೇಬೇಕು. ಇಲ್ಲದಿದ್ದರೆ ಗಿಟಾರು ಕಣಜದ ಹುಳ! ಮತ್ತೆ ಗಿಟಾರ್ ಆಂಪ್‌ಗೇ ಜೋಡಿಸಿದರೆ ಅದನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಸ್ಪೀಕರಿನ ಮೇಲೆ ಸ್ಪೀಕರು, ಕಂಬಳಿ ಹೊದ್ದು ಹಾಡಿದಂತೆ. ಎರಡೂ ಜಾತಿಗೆ ಇದು ಒಂದೇ ನಿಯಮ.

ಮೂರನೇ ಪಾಠ: "ಡಿಜಿಟಲ್ ತಡ ಮಾಡ್ತದ" ಅನ್ನುವ ಮಾತು. ಒಳ್ಳೆಯ ಪೆಟ್ಟಿಗೆಗಳ ತಡ ಕೆಲವೇ ಮಿಲಿಸೆಕೆಂಡು. 3 ಮಿಲಿಸೆಕೆಂಡಿನಲ್ಲಿ ಸದ್ದು ಗಾಳಿಯಲ್ಲಿ ಹೋಗುವುದು ಒಂದು ಮೀಟರ್ ಅಷ್ಟೇ. ಬಾಕ್ಸಿನಿಂದ ಒಂದು ಹೆಜ್ಜೆ ಹಿಂದೆ ನಿಂತಂತೆ. ಹೆದರಬೇಡಿ.

ನಾಲ್ಕನೇ ಪಾಠ ಕಲಿಸಿದ್ದು ಕರೆಂಟು. ನಡುವೆ ಒಂದು ಕ್ಷಣ ಹೋಗಿ ಬಂತು. ಬಾಕ್ಸುಗಳು ತಕ್ಷಣ ಎದ್ದವು, ಆದರೆ ಎರಡೂ ಪೆಟ್ಟಿಗೆ ಕಂಪ್ಯೂಟರಿನಂತೆ ನಿಧಾನಕ್ಕೆ ಕಣ್ಣುಜ್ಜಿಕೊಂಡು ಎದ್ದವು. ಸೋಲೋ ನಡುವೆ ಹೀಗಾದರೆ ಗತಿಯೇನು? ಪೆಟ್ಟಿಗೆಯ ಜೊತೆ ಒಂದು ಸಣ್ಣ ಯುಪಿಎಸ್ ಲೆಕ್ಕಕ್ಕೆ ಹಿಡಿಯಿರಿ.

ಕೊನೆಗೆ ನಾನು ಹುಡುಗನಿಗೆ, "ಗಿಟಾರಿನ ವಾಲ್ಯೂಮ್ ಅರ್ಧಕ್ಕ ಇಳಿಸಿ ಮೆಲ್ಲಗ ಮೀಟು" ಅಂದೆ. ಒಡಕು ಕರಗಿ ಸದ್ದು ತಿಳಿಯಾಯಿತು. ಬಿಗಿದು ಹೊಡೆದ, ಮತ್ತೆ ಗುಡುಗು! ಎರಡೂ ಪೆಟ್ಟಿಗೆ ಬೆರಳಿನ ಮಾತು ಕೇಳಿದವು. ಕೀಬೋರ್ಡಿನ ಗಿಟಾರ್ ಬಟನ್ನಿಗೆ ಈ ಬೆರಳಿನ ಭಾಷೆ ಬರುವುದಿಲ್ಲ. ಮಾಲಕರಿಗೆ ಕೇಳಿಸಬೇಕಾದ್ದು ಇದೇ ಎಂದು ಹುಡುಗನಿಗೆ ಹೇಳಿದೆ.

ನನ್ನ ತೀರ್ಪು

ಯಾವುದು ಹೆಚ್ಚು ಅಸಲಿ ಅಂತ ಕೇಳಬೇಡಿ. ನಾನು ಎಲ್ಲಿ ನುಡಿಸುತ್ತೇನೆ, ಏನು ನುಡಿಸುತ್ತೇನೆ ಅಂತ ಕೇಳಿಕೊಳ್ಳಿ.

ರೆಕಾರ್ಡಿಂಗ್ ಮಾಡುತ್ತೀರಾ? ಎರಡು-ಮೂರು ಸದ್ದಿನಲ್ಲೇ ಜೀವನವಾ? ಅಥವಾ ನಿಮ್ಮದೇ ಒಂದು ಒಳ್ಳೆಯ ವಾಲ್ವ್ ಆಂಪ್ ಇದ್ದು, ಅದನ್ನು ಹೊರಲಾರದೆ ಅದರ ಅಚ್ಚು ಬೇಕೇ? ಪ್ರೊಫೈಲರ್ ತಗೊಳ್ಳಿ. ಆದರೆ ಅಚ್ಚು ತೆಗೆಯಲು ಆಂಪ್ ಇಲ್ಲದವನು ಕಂಡವರು ತೆಗೆದ ಅಚ್ಚುಗಳನ್ನೇ ನೂರಾರು ತಡಕಾಡಬೇಕು. ರಾತ್ರಿಯೆಲ್ಲಾ ಹುಡುಕುವುದೇ ಆದರೆ ನುಡಿಸುವುದು ಯಾವಾಗ?

ಜಾತ್ರೆ, ಮದುವೆ, ಗಣೇಶನ ಪೆಂಡಾಲು ಅಂತ ಒಂದೇ ರಾತ್ರಿಗೆ ಮೂವತ್ತು ಹಾಡು ನುಡಿಸುವವನೇ? ಊರಿಗೊಂದು ಮಿಕ್ಸರು, ಊರಿಗೊಂದು ಬಾಕ್ಸೇ? ಸ್ಟೇಜಿನಲ್ಲೇ ತಿರುಪು ತಿರುಗಿಸಿ ಸರಿಮಾಡಿಕೊಳ್ಳಬೇಕು. ಮಾಡೆಲರ್ ತಗೊಳ್ಳಿ. ಕಾಲಿನ ಸ್ವಿಚ್ಚು ಗಟ್ಟಿ ಇರಲಿ, ಎಕೋ-ಕೋರಸ್ ಒಳಗೇ ಇರಲಿ. ಕ್ವಾಡ್ ಕಾರ್ಟೆಕ್ಸ್‌ನಂಥವು ಎರಡೂ ವಿದ್ಯೆ ಬಲ್ಲವು, ನಿಜ. ಆದರೆ ನಮ್ಮ ದೇಶದಲ್ಲಿ ಅದರ ಬೆಲೆ ಲಕ್ಷ ದಾಟುತ್ತದೆ. ಹೆಸರುಕಾಳಿನ ರೊಕ್ಕಕ್ಕೆ ಸಾಧಾರಣ ಮಾಡೆಲರ್ರೇ ಸಾಕು. ಉಳಿದದ್ದರಲ್ಲಿ ಯುಪಿಎಸ್ಸು, ಒಳ್ಳೆಯ ವೈರು, ಒಂದು ಜೊತೆ ಹೊಸ ತಂತಿ.

ಹುಡುಗ ಹಾಗೇ ಮಾಡಿದ. ಮುಂದಿನ ಜಾತ್ರೆಯಲ್ಲಿ 'ಗೀತಾ' ಹಾಡಿಗೆ ತಿಳಿ ಸದ್ದು, ಅದರ ಬೆನ್ನಿಗೇ ಹೊಸ ಸಿನಿಮಾದ ಹಾಡಿಗೆ ಗುಡುಗು. ನಡುವೆ ಒಂದು ಸ್ವಿಚ್ ಒತ್ತಿದ್ದು ಬಿಟ್ಟರೆ ಬೇರೇನೂ ಇಲ್ಲ. ಮುಂದೆ ಕೂತಿದ್ದ ಹುಡುಗರ ಶಿಳ್ಳೆ ಏನು, ಒನ್ಸ್ ಮೋರ್ ಏನು! ಮಾಲಕರು ನನ್ನ ಹತ್ತಿರ ಬಂದು, "ಗಿಟಾರ್ ಸ್ವಲ್ಪ ಜೋರ್ ಇಡ್ರಿ" ಅಂದರು. ಪಗಾರದ ಮಾತು ಆಮೇಲೆ ಎತ್ತಲಿಲ್ಲ.