ಮೊದಲು ಮೀಟರ್, ಆಮೇಲೆ ಸ್ಕ್ರೂಡ್ರೈವರ್

ಬೆಂಗಳೂರಿನ ಟೌನ್‌ಹಾಲ್ ಕಡೆಯಿಂದ ಸಾದರ ಪತ್ರಪ್ಪ ರಸ್ತೆಗೆ ಹೊಕ್ಕರೆ ಕೀಬೋರ್ಡು, ಕೇಬಲ್ಲು, ಸಿಸಿ ಕ್ಯಾಮೆರಾಗಳ ಅಂಗಡಿಗಳ ನಡುನಡುವೆ ‘ಚಿಪ್ ಲೆವೆಲ್ ಸರ್ವೀಸ್’ ಎಂಬ ಫಲಕಗಳು ಕಣ್ಣಿಗೆ ಬೀಳುತ್ತವೆ. ಎಲ್ಲರ ಬಾಯಲ್ಲೂ ಎಸ್.ಪಿ. ರೋಡ್ ಆಗಿರುವ ಈ ಬೀದಿಗೆ ಹೊಸದನ್ನು ಕೊಳ್ಳುವವರ ಜೊತೆ ಕೆಟ್ಟದ್ದನ್ನು ಹೊತ್ತು ತರುವವರೂ ಬರುತ್ತಾರೆ. ಅವರು ತರುವ ಮಾಮೂಲಿ ದೂರುಗಳಲ್ಲಿ ಒಂದು: ‘ಲ್ಯಾಪ್‌ಟಾಪ್ ಚಾರ್ಜ್ ಆಗ್ತಿಲ್ಲ’.

ಗೋಡೆಯ ಸಾಕೆಟ್, ಅಡಾಪ್ಟರ್, ಜ್ಯಾಕ್, ಬೋರ್ಡಿನ ಮೇಲಿನ ಚಾರ್ಜಿಂಗ್ ಐಸಿ, ಕೊನೆಗೆ ಬ್ಯಾಟರಿ. ಕರೆಂಟು ಹೋಗುವ ದಾರಿ ಇಷ್ಟು. ಇದರಲ್ಲಿ ಎಲ್ಲಿ ತಡೆಯಾದರೂ ದೂರು ಒಂದೇ. ಪಳಗಿದ ರಿಪೇರಿಯವರು ಗೋಡೆಯ ಕಡೆಯಿಂದ ಒಳಕ್ಕೆ ಹುಡುಕುತ್ತ ಬರುತ್ತಾರೆ. ಅವರ ಅನುಮಾನ ಮೊದಲು ಅಗ್ಗದ ಭಾಗದ ಮೇಲೆ, ಬೋರ್ಡಿನ ಮೇಲೆ ಕಟ್ಟಕಡೆಗೆ.

ಎಷ್ಟೋ ಸಲ ಕೆಟ್ಟಿರುವುದು ಏನೂ ಇಲ್ಲ. ಬ್ಯಾಟರಿ ಬಹುಕಾಲ ಬಾಳಲೆಂದು ಶೇ 60 ಅಥವಾ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಈಗ ಅನೇಕ ಲ್ಯಾಪ್‌ಟಾಪ್‌ಗಳಲ್ಲಿದೆ. ಅದು ಆನ್ ಆಗಿದ್ದರೆ ಲ್ಯಾಪ್‌ಟಾಪ್ ಹೇಳಿದ ಮಾತು ಕೇಳುತ್ತಿದೆ, ಅಷ್ಟೆ.

ಮುಂದಿನ ಸರದಿ ಅಡಾಪ್ಟರ್‌ದು. ದುಂಡು ಪಿನ್ನಿನ ಬಹುತೇಕ ಅಡಾಪ್ಟರ್‌ಗಳ ಔಟ್‌ಪುಟ್ 19 ಅಥವಾ 19.5 ವೋಲ್ಟ್, ಅದರ ಮೈಮೇಲೆಯೇ ಅಚ್ಚಾಗಿರುತ್ತದೆ. ಮಲ್ಟಿಮೀಟರ್ ಅಷ್ಟು ತೋರಿಸಿದ ಮಾತ್ರಕ್ಕೆ ಪರೀಕ್ಷೆ ಮುಗಿಯಲಿಲ್ಲ. ಡೆಲ್ ಅಡಾಪ್ಟರಿನ ಕೊಳವೆಯ ನಡುವೆ ತೆಳ್ಳನೆಯ ಇನ್ನೊಂದು ಪಿನ್ ಇರುತ್ತದೆ. ಅಡಾಪ್ಟರ್ ಎಷ್ಟು ವಾಟ್‌ನದು ಎಂಬ ಮಾಹಿತಿ ಲ್ಯಾಪ್‌ಟಾಪಿಗೆ ಹೋಗುವುದು ಇದರ ಮೂಲಕ. ಅದು ಬಾಗಿದರೆ, ಒಳಗಿನ ತಂತಿ ತುಂಡಾದರೆ ಲ್ಯಾಪ್‌ಟಾಪ್ ಓಡುತ್ತದೆ, ಬ್ಯಾಟರಿ ಮಾತ್ರ ತುಂಬುವುದಿಲ್ಲ.

ಯುಎಸ್‌ಬಿ-ಸಿ ಬಂದ ಮೇಲೆ ಲೆಕ್ಕ ಬೇರೆಯಾಗಿದೆ. ಚಾರ್ಜರ್ 5 ವೋಲ್ಟ್‌ನಿಂದ ಶುರುವಾಗಿ, ಲ್ಯಾಪ್‌ಟಾಪ್ ಜೊತೆ ಒಪ್ಪಂದ ಕುದುರಿದ ಮೇಲೆ 9, 15, 20 ವೋಲ್ಟ್‌ಗೆ ಏರುತ್ತದೆ. ನಡುವೆ ಸಿಕ್ಕಿಸುವ ಪುಟ್ಟ ಟೆಸ್ಟರ್‌ನಲ್ಲಿ ಅಂಕಿ 5ರಲ್ಲೇ ನಿಂತರೆ ಮಾತುಕತೆ ಮುರಿದಿದೆ ಎಂದರ್ಥ. ಆಗ ಮೊದಲು ಬದಲಿಸಿ ನೋಡುವುದು ಕೇಬಲ್. 100 ವಾಟ್ ಬೇಡುವ ಲ್ಯಾಪ್‌ಟಾಪಿಗೆ 60 ವಾಟ್‌ನ ಮಾಮೂಲಿ ಕೇಬಲ್ ಸಾಲದು.

ಪಿನ್ ಅಲುಗಾಡಿಸಿದಾಗ ಚಾರ್ಜಿಂಗ್ ದೀಪ ಹತ್ತಿ ಆರಿದರೆ ಜ್ಯಾಕ್ ಸಡಿಲವಾಗಿದೆ. ಕೆಲವು ಮಾಡೆಲ್‌ಗಳಲ್ಲಿ ಅದು ತಂತಿಯ ಸಮೇತ ಬೇರೆಯಾಗಿಯೇ ಬರುತ್ತದೆ, ಬದಲಿಸುವುದು ಸುಲಭ. ಬೋರ್ಡಿಗೇ ಬೆಸೆದಿದ್ದರೆ ಸೋಲ್ಡರಿಂಗ್ ಪಳಗಿದ ಕೈ ಬೇಕು.

ಇಲ್ಲಿಗೂ ದೋಷ ಸಿಗದಿದ್ದರೆ ಚಿಪ್ ಲೆವೆಲ್ ಕಸುಬು ಶುರು. ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಬೋರ್ಡನ್ನು ಡಿಸಿ ಪವರ್ ಸಪ್ಲೈಗೆ ಜೋಡಿಸಿ, 19 ವೋಲ್ಟ್ ಇಟ್ಟು ಆಂಪಿಯರ್‌ಗೆ ಮಿತಿ ಹಾಕುತ್ತಾರೆ. ಆಂಪಿಯರ್ ಸೊನ್ನೆಯಲ್ಲೇ ಇದ್ದರೆ ಕರೆಂಟು ಒಳಗೇ ಹೋಗುತ್ತಿಲ್ಲ. ಮಿತಿಗೆ ಜಿಗಿದು ವೋಲ್ಟ್ ಕುಸಿದರೆ ಬೋರ್ಡು ‘ಶಾರ್ಟ್’. ಶಾರ್ಟ್ ಎಲ್ಲಿದೆ ಎಂದು ಹುಡುಕಲು ಒಂದು ಚೆಂದದ ಉಪಾಯವಿದೆ. ಶಂಕೆಯಿರುವ ಜಾಗದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಆ ಲೈನಿಗೆ 1 ವೋಲ್ಟ್‌ನಷ್ಟು ಮಾತ್ರ ಕೊಡುತ್ತಾರೆ. ಸುಟ್ಟ ಭಾಗ ಬಿಸಿಯೇರಿ ಅದರ ಮೇಲಿನ ತೇವ ಎಲ್ಲಕ್ಕಿಂತ ಮೊದಲು ಆರುತ್ತದೆ. ಅನೇಕ ಸಲ ಅಲ್ಲಿ ಸಿಗುವುದು ಸಾಸಿವೆ ಕಾಳಿನಷ್ಟು ಸಣ್ಣದೊಂದು ಕೆಪಾಸಿಟರ್. ಹಾಟ್ ಏರ್ ಗನ್ನಿನ ಬಿಸಿಗಾಳಿಗೆ ಅದರ ಬೆಸುಗೆ ಕರಗುತ್ತದೆ, ಚಿಮಟದಿಂದ ಎತ್ತಿ ಹೊಸದನ್ನು ಕೂರಿಸುತ್ತಾರೆ. ‘ಬೋರ್ಡ್ ಹೋಗಿದೆ, ಹೊಸದೇ ಹಾಕಬೇಕು’ ಎಂದು ಬೇರೆಡೆ ಕೈಬಿಟ್ಟ ಲ್ಯಾಪ್‌ಟಾಪ್ ಹೀಗೆ ಎದ್ದು ಕೂರುವುದುಂಟು.

ಬ್ಯಾಟರಿಗೇ ಮುಪ್ಪು ಬಂದಿದ್ದರೆ ಈ ಯಾವ ಕೈಚಳಕವೂ ನಡೆಯದು. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯಬಹುದು. ಹೊಸದರಲ್ಲಿದ್ದ ಸಾಮರ್ಥ್ಯ ಎಷ್ಟು, ಈಗ ಉಳಿದಿರುವುದೆಷ್ಟು ಎಂದು ಅದು ಲೆಕ್ಕ ಒಪ್ಪಿಸುತ್ತದೆ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ತಳ ಸಮನಾಗಿ ಕೂರದಿದ್ದರೆ ಬ್ಯಾಟರಿ ಉಬ್ಬಿರಬಹುದು. ಕೂಡಲೇ ಆಫ್ ಮಾಡಿ, ಚಾರ್ಜರ್ ಕಿತ್ತು, ತಿಳಿದವರ ಕೈಗೆ ಕೊಡಿ. ಅದನ್ನು ಒತ್ತಿ ಕೂರಿಸಲು ಹೋದರೆ, ಚುಚ್ಚಿದರೆ ಬೆಂಕಿ ಹತ್ತೀತು. ಮನೆಯ ಕಸದ ಜೊತೆ ಎಸೆಯುವುದಕ್ಕೂ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಒಪ್ಪುವುದಿಲ್ಲ.

ಈ ಕಸುಬಿನಲ್ಲಿ ಒಳ್ಳೆಯ ಕೈಯನ್ನು ಗುರುತಿಸುವುದು ಕಷ್ಟವಲ್ಲ: ಅದು ಸ್ಕ್ರೂಡ್ರೈವರ್ ಎತ್ತುವ ಮೊದಲು ಮೀಟರ್ ಎತ್ತುತ್ತದೆ. ರಿಪೇರಿಗೆ ಕೊಡುವ ಮುನ್ನ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ. ಬೋರ್ಡೇ ಬದಲಿಸಬೇಕೆಂದರೆ ಯಾವ ರೀಡಿಂಗ್ ನೋಡಿ ಹಾಗೆಂದಿರಿ ಎಂದು ಕೇಳಿ. ಉತ್ತರ ಸಿಗದಿದ್ದರೆ ಲ್ಯಾಪ್‌ಟಾಪ್ ವಾಪಸ್ ಪಡೆದು ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಿ.