ಹದಿನಾಲ್ಕು ರಾತ್ರಿಗಳ ಲೆಕ್ಕ

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ಜಗತ್ತು ನೋಡುವುದು ಮಾರ್ಚ್ ತಿಂಗಳನ್ನು. 68 ತಂಡಗಳ ಎನ್‌ಸಿಎಎ ಟೂರ್ನಿ, ಸೋತವರು ಆ ರಾತ್ರಿಯೇ ಮನೆಗೆ. ಆದರೆ ಆ 68ರೊಳಗೆ ಕಾಲಿಡುವುದಕ್ಕೆ ನಡೆಯುವ ಹೋರಾಟ ಇನ್ನೂ ದೊಡ್ಡದು. ಅದು ಜನವರಿ, ಫೆಬ್ರವರಿಯ ಚಳಿಯಲ್ಲಿ, ಸಣ್ಣ ಸಣ್ಣ ಊರುಗಳ ಒಳಾಂಗಣಗಳಲ್ಲಿ, ಹೆಚ್ಚು ಜನರ ಕಣ್ಣಿಗೆ ಬೀಳದೆ ನಡೆದುಹೋಗುತ್ತದೆ. ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಾಗಿ ಹಂಚಿಹೋಗಿವೆ. ಪ್ರತಿ ಕಾನ್ಫರೆನ್ಸ್‌ನ ಚಾಂಪಿಯನ್‌ಗೆ ಎನ್‌ಸಿಎಎ ಟೂರ್ನಿಯಲ್ಲಿ ಒಂದು ಜಾಗ ಖಾತ್ರಿ. ದೊಡ್ಡ ಕಾನ್ಫರೆನ್ಸ್‌ಗಳಲ್ಲಿ ಎರಡನೇ, ಮೂರನೇ, ಕೆಲವೊಮ್ಮೆ ಏಳನೇ ತಂಡಕ್ಕೂ ಆಯ್ಕೆ ಸಮಿತಿಯ ಕರೆ ಬರುತ್ತದೆ. ಸಣ್ಣವುಗಳಲ್ಲಿ ಹಾಗಿಲ್ಲ. ಗೆದ್ದವರು ಒಳಗೆ, ಉಳಿದವರು ಹೊರಗೆ.

ಅಂಥ ಒಂದು ಪೈಪೋಟಿಯನ್ನು ಮೊದಲಿಂದ ಕೊನೆಯವರೆಗೆ ಹಿಂಬಾಲಿಸಬೇಕೆಂದರೆ ನಾನು ಆರಿಸಿಕೊಳ್ಳುವುದು 2014–15ರ ಐವಿ ಲೀಗನ್ನು, ಅದರಲ್ಲೂ ಯೇಲ್ ತಂಡವನ್ನು.

ಐವಿ ಲೀಗ್ ಹೆಸರು ನಮ್ಮವರಿಗೆ ಪರಿಚಿತವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾ, ಕಾರ್ನೆಲ್, ಪೆನ್, ಬ್ರೌನ್, ಡಾರ್ಟ್‌ಮತ್ — ಓದಿನಿಂದ ಹೆಸರಾದ ಈ ಎಂಟು ವಿದ್ಯಾಸಂಸ್ಥೆಗಳು ಒಂದೇ ಕ್ರೀಡಾ ಲೀಗಿನವು. ಇಲ್ಲಿ ಆಟದ ಪ್ರತಿಭೆಗೆಂದು ವಿದ್ಯಾರ್ಥಿವೇತನ ಕೊಡುವುದಿಲ್ಲ. ನೆರವು ಸಿಗುವುದು ಮನೆಯ ಆರ್ಥಿಕ ಸ್ಥಿತಿ ನೋಡಿ. ಎಂಟು ತಂಡಗಳು ಪರಸ್ಪರ ಎರಡೆರಡು ಬಾರಿ, ತವರಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಆಡುತ್ತವೆ. ಒಟ್ಟು 14 ಪಂದ್ಯ. ಹುಡುಗರಿಗೆ ತರಗತಿ ತಪ್ಪಬಾರದೆಂದು ಹೆಚ್ಚಿನ ಪಂದ್ಯಗಳನ್ನು ಶುಕ್ರವಾರ ರಾತ್ರಿ ಒಂದು, ಶನಿವಾರ ರಾತ್ರಿ ಇನ್ನೊಂದು ಎಂದು ಬೆನ್ನಿಗೆ ಬೆನ್ನು ಇಡುತ್ತಿದ್ದರು. ಶುಕ್ರವಾರ ನಲವತ್ತು ನಿಮಿಷ ಆಡಿ, ಬಸ್ ಹತ್ತಿ, ಮರುದಿನ ಬೇರೊಂದು ಊರಿನಲ್ಲಿ ಮತ್ತೆ ಅಷ್ಟೇ ಆಡಬೇಕು. ಬೇರೆ ದೊಡ್ಡ ಕಾನ್ಫರೆನ್ಸ್‌ಗಳ ತಂಡಗಳಿಗೆ ಎರಡು ಪಂದ್ಯಗಳ ನಡುವೆ ಎರಡು ಮೂರು ದಿನ ಸಿಗುತ್ತದೆ. ಎದುರಾಳಿಯ ವಿಡಿಯೊ ನೋಡಿ ತಂತ್ರ ಹೆಣೆಯಲು ಐವಿ ತಂಡಕ್ಕೆ ಶನಿವಾರದ ಒಂದು ಹಗಲಷ್ಟೇ.

ಇನ್ನೂ ಒಂದು ವಿಶೇಷವಿತ್ತು. ಆ ವರ್ಷ ದೇಶದಲ್ಲಿದ್ದ 32 ಕಾನ್ಫರೆನ್ಸ್‌ಗಳ ಪೈಕಿ 31, ಲೀಗ್ ಹಂತ ಮುಗಿದ ಮೇಲೆ ನಾಕೌಟ್ ಟೂರ್ನಿ ನಡೆಸಿ ಅದರ ವಿಜೇತರನ್ನು ಎನ್‌ಸಿಎಎಗೆ ಕಳಿಸುತ್ತಿದ್ದವು. ಐವಿ ಲೀಗ್ ಒಂದೇ ಆ ದಾರಿಗೆ ಹೋಗಿರಲಿಲ್ಲ. 14 ಪಂದ್ಯಗಳ ಪಟ್ಟಿಯಲ್ಲಿ ಮೇಲಿದ್ದವನೇ ಚಾಂಪಿಯನ್, ಅವನಿಗೇ ಟಿಕೆಟ್. ಅಗ್ರಸ್ಥಾನ ಹಂಚಿಹೋದರೆ ಮಾತ್ರ ತಟಸ್ಥ ಅಂಗಳದಲ್ಲಿ ಪ್ಲೇಆಫ್. ಹೀಗಾಗಿ ಜನವರಿಯ ಸೋಲಿಗೂ ಮಾರ್ಚ್‌ನ ಸೋಲಿಗೂ ಒಂದೇ ತೂಕ.

ಯೇಲ್‌ನ ಕೋಚ್ ಜೇಮ್ಸ್ ಜೋನ್ಸ್ 1999ರಲ್ಲಿ ಬಂದವರು. ಆ ವೇಳೆಗೆ ಹದಿನಾರನೇ ಋತು. ಅವರು ಬರುವುದಕ್ಕೂ ಬಹಳ ಹಿಂದೆ, 1962ರಲ್ಲಿ ಯೇಲ್ ಕೊನೆಯ ಬಾರಿ ಎನ್‌ಸಿಎಎ ಟೂರ್ನಿ ಆಡಿತ್ತು. ಜೋನ್ಸ್ ಒಮ್ಮೆ ತೀರಾ ಹತ್ತಿರ ಬಂದಿದ್ದರು: 2002ರಲ್ಲಿ ಪೆನ್ ಮತ್ತು ಪ್ರಿನ್ಸ್‌ಟನ್ ಜೊತೆ ಯೇಲ್ ಮೂವರಲ್ಲೊಬ್ಬನಾಗಿ ಅಗ್ರಸ್ಥಾನ ಹಂಚಿಕೊಂಡಿತು, ಪ್ಲೇಆಫ್‌ನಲ್ಲಿ ಪ್ರಿನ್ಸ್‌ಟನ್ ಅನ್ನು ಸೋಲಿಸಿ, ಪೆನ್‌ಗೆ ಸೋತಿತು. ಅಮೆರಿಕದಲ್ಲಿ ಕೋಚ್‌ಗಳಿಗೆ ಸಿಗುವ ಅವಕಾಶ ಮೂರೋ ನಾಲ್ಕೋ ವರ್ಷ. ಒಂದೇ ಕಡೆ ಹದಿನಾರು ವರ್ಷ ನಿಂತು, ಪ್ರತಿ ಶರತ್ಕಾಲದಲ್ಲೂ ಹೊಸ ಹುಡುಗರೊಂದಿಗೆ ಮತ್ತೆ ಆರಂಭಿಸಿದ ಮನುಷ್ಯನ ಮೇಲೆ ನನಗೆ ಅಪಾರ ಗೌರವ.

ಎದುರಿಗೆ ಹಾರ್ವರ್ಡ್. ಅಲ್ಲಿ ಟಾಮಿ ಅಮಾಕರ್ 2007ರಲ್ಲಿ ಕೋಚ್ ಆದ ಮೇಲೆ ಚಿತ್ರವೇ ಬದಲಾಗಿತ್ತು. ಮುಂದೆ ಎನ್‌ಬಿಎಯಲ್ಲಿ ಮನೆಮಾತಾದ ಜೆರೆಮಿ ಲಿನ್ ಆಡಿದ್ದು ಅಮಾಕರ್ ಕೈಕೆಳಗೇ. 1946ರ ನಂತರ ಎನ್‌ಸಿಎಎ ಮುಖ ನೋಡದಿದ್ದ ಹಾರ್ವರ್ಡ್ 2012ರಿಂದ ಸತತ ಮೂರು ವರ್ಷ ಅಲ್ಲಿಗೆ ಹೋಯಿತು. 2013ರಲ್ಲಿ ನ್ಯೂ ಮೆಕ್ಸಿಕೊವನ್ನೂ 2014ರಲ್ಲಿ ಸಿನ್ಸಿನಾಟಿಯನ್ನೂ ಮಣಿಸಿತು.

ಲೀಗ್ ಆರಂಭಕ್ಕೆ ಮೊದಲೇ ಸೂಚನೆಗಳಿದ್ದವು. ಡಿಸೆಂಬರ್ 5ರಂದು ಯೇಲ್, ಹಾಲಿ ರಾಷ್ಟ್ರೀಯ ಚಾಂಪಿಯನ್ ಕನೆಕ್ಟಿಕಟ್ ವಿಶ್ವವಿದ್ಯಾಲಯವನ್ನು ಅವರದೇ ನೆಲದಲ್ಲಿ 45–44ರಿಂದ ಸೋಲಿಸಿತು. ಅದೇ ತಿಂಗಳು ಹಾರ್ವರ್ಡ್, ವರ್ಜೀನಿಯಾ ಎದುರು 76–27ರಿಂದ ನೆಲಕಚ್ಚಿತು. ಆದರೂ ಪಂಡಿತರೆಲ್ಲ ಹಾರ್ವರ್ಡ್ ಹೆಸರನ್ನೇ ಹೇಳುತ್ತಿದ್ದರು.

ಜನವರಿ 24ರಂದು ಹಾರ್ವರ್ಡ್‌ನ ತವರಾದ ಕೇಂಬ್ರಿಜ್‌ನಲ್ಲಿ ಮೊದಲ ಪೆಟ್ಟು ಬಿತ್ತು. ಡಾರ್ಟ್‌ಮತ್ ಎದುರು ಆರಾಮಾಗಿ ಮುಂದಿದ್ದ ಹಾರ್ವರ್ಡ್, ದ್ವಿತೀಯಾರ್ಧದಲ್ಲಿ ಇದ್ದಕ್ಕಿದ್ದಂತೆ ಬತ್ತಿಹೋಯಿತು. ಎದುರಾಳಿ 26 ಅಂಕ ಗಳಿಸುವಷ್ಟರಲ್ಲಿ ಇವರು ಗಳಿಸಿದ್ದು ಎರಡು. 70–61ರ ಸೋಲು. ಡಾರ್ಟ್‌ಮತ್ 1959ರ ನಂತರ ಎನ್‌ಸಿಎಎ ಕಾಣದ ತಂಡ. ಆ ವರ್ಷವೂ ಪಟ್ಟಿಯ ಮಧ್ಯದಲ್ಲಿತ್ತು. ಈ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಫೆಬ್ರವರಿ 7ರಂದು ಯೇಲ್‌ನ ತವರಾದ ನ್ಯೂ ಹೇವನ್‌ನಲ್ಲಿ ಯೇಲ್ ಮತ್ತು ಹಾರ್ವರ್ಡ್ ಮೊದಲ ಬಾರಿ ಎದುರಾದವು. ಹಾರ್ವರ್ಡ್ 52–50. ಈ ಅಂಕಗಳನ್ನು ನೋಡಿ ಆಟ ಸಪ್ಪೆ ಇತ್ತೆಂದುಕೊಳ್ಳಬಾರದು. ಆಗ ಕಾಲೇಜು ಆಟದಲ್ಲಿ ಒಂದು ದಾಳಿಗೆ 35 ಸೆಕೆಂಡ್ ಅವಕಾಶವಿತ್ತು (ಮರುವರ್ಷ ಅದನ್ನು 30ಕ್ಕೆ ಇಳಿಸಿದರು). ರಕ್ಷಣೆಯಲ್ಲಿ ಗಟ್ಟಿಯಾಗಿದ್ದ ಎರಡು ತಂಡಗಳು ಆ 35 ಸೆಕೆಂಡನ್ನು ಪೂರ್ತಿ ಹಿಂಡಿಕೊಂಡೇ ಆಡುತ್ತಿದ್ದವು. ಇಡೀ ರಾತ್ರಿಯಲ್ಲಿ ಸಿಗುವ ಸುಲಭದ ಬ್ಯಾಸ್ಕೆಟ್‌ಗಳು ಬೆರಳೆಣಿಕೆಯಷ್ಟು. ಒಂದು ಫ್ರೀ ಥ್ರೋ ತಪ್ಪಿದರೆ ಅದರ ನೋವು ಕೊನೆಯವರೆಗೂ ಉಳಿಯುತ್ತಿತ್ತು.

ಫೆಬ್ರವರಿ ಕೊನೆಯಲ್ಲಿ ಹಾರ್ವರ್ಡ್ ಕಾರ್ನೆಲ್‌ನಲ್ಲಿ ಎಡವಿತು. ಮಾರ್ಚ್ ಮೊದಲ ವಾರಾಂತ್ಯಕ್ಕೆ ಬಂದಾಗ ಎರಡೂ ತಂಡಗಳದ್ದು 10 ಗೆಲುವು, 2 ಸೋಲು. ಉಳಿದದ್ದು ತಲಾ ಎರಡು ಪಂದ್ಯ, ಅದರಲ್ಲಿ ಮೊದಲನೆಯದು ಪರಸ್ಪರರ ಮೇಲೆ.

ಮಾರ್ಚ್ 6, ಶುಕ್ರವಾರ, ಕೇಂಬ್ರಿಜ್‌ನ ಲವೀಟಿಸ್ ಪೆವಿಲಿಯನ್. 1926ರ ಕಟ್ಟಡ, ಆಗ ಎರಡು ಸಾವಿರಕ್ಕೆ ತುಸು ಹೆಚ್ಚು ಆಸನ. ನಮ್ಮ ಜಿಲ್ಲಾ ಕೇಂದ್ರದ ಒಳಾಂಗಣ ಕ್ರೀಡಾಂಗಣಕ್ಕಿಂತ ಬಹಳ ದೊಡ್ಡದೇನಲ್ಲ. ಅಲ್ಲಿ ಯೇಲ್ 62–52ರಿಂದ ಗೆದ್ದಿತು. ಜಸ್ಟಿನ್ ಸಿಯರ್ಸ್, ಹವಿಯರ್ ಡ್ಯೂರನ್ ಮುಂದಾಳುಗಳಾಗಿದ್ದ ತಂಡ ಎದುರಾಳಿಯ ನೆಲದಲ್ಲಿ ಹತ್ತು ಅಂಕಗಳ ಅಂತರದಿಂದ ಗೆದ್ದು, ಕನಿಷ್ಠ ಜಂಟಿ ಪ್ರಶಸ್ತಿಯನ್ನು ಖಚಿತ ಮಾಡಿಕೊಂಡಿತು. ಇನ್ನೊಂದು ಗೆಲುವು ಸಾಕಿತ್ತು, 53 ವರ್ಷಗಳ ಕಾಯುವಿಕೆ ಮುಗಿಯಲು.

ಬಸ್ ಉತ್ತರಕ್ಕೆ ಹೊರಟಿತು. ಕೇಂಬ್ರಿಜ್‌ನಿಂದ ಸುಮಾರು 200 ಕಿಲೋಮೀಟರ್ ದೂರ, ನ್ಯೂ ಹ್ಯಾಂಪ್‌ಶೈರ್‌ನ ಹ್ಯಾನೋವರ್. ಡಾರ್ಟ್‌ಮತ್‌ನ ಊರು.

ಶನಿವಾರ ರಾತ್ರಿ ಕೊನೆಯ ನಿಮಿಷದೊಳಗೆ ಯೇಲ್ ಐದು ಅಂಕ ಮುಂದಿತ್ತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದು ವಿಚಿತ್ರ ಸ್ಥಿತಿ. ಗೆದ್ದಂತೆಯೇ ಅನಿಸುತ್ತದೆ, ಆದರೆ ಪ್ರತಿ ಫೌಲ್‌ಗೂ ಗಡಿಯಾರ ನಿಲ್ಲುತ್ತದೆ, ಒಂದೊಂದು ಸೆಕೆಂಡೂ ಹಿಗ್ಗುತ್ತದೆ. ಡಾರ್ಟ್‌ಮತ್ ಅಂತರವನ್ನು ಒಂದಕ್ಕೆ ಇಳಿಸಿತು: 58–57. ಗೆರೆಯ ಹೊರಗಿನಿಂದ ಚೆಂಡನ್ನು ಒಳಗೆ ಎಸೆಯುವ ಕೊನೆಯ ಅವಕಾಶವೂ ಅವರಿಗೇ ಬಂತು. ಇಂಥ ಹೊತ್ತಿನಲ್ಲಿ ಗಡಿಯಾರ ಚಲಿಸುವುದು ಅಂಕಣದ ಒಳಗಿರುವವನ ಕೈಗೆ ಚೆಂಡು ತಾಗಿದ ಮೇಲೆಯೇ. ಅಲ್ಲಿಯವರೆಗೆ ಅಂಕಣದೊಳಗಿರುವ ಎಲ್ಲರೂ ನಿಂತ ಗಡಿಯಾರದ ಕೆಳಗೆ ತಳ್ಳಾಡುತ್ತ, ತಡೆ ಹಾಕುತ್ತ, ತಿರುಗುತ್ತ ಇರುತ್ತಾರೆ. ರಕ್ಷಣೆ ಮಾಡುವವನು ಚೆಂಡನ್ನೂ ನೋಡಬೇಕು, ತನ್ನ ಆಳನ್ನೂ ನೋಡಬೇಕು. ಒಂದು ಹೆಜ್ಜೆ ತಪ್ಪಿದರೆ ಸಾಕು. ಲಿಥುವೇನಿಯಾದಿಂದ ಬಂದ ಗಾಬಾಸ್ ಮಾಲ್ಡೂನಸ್, ಹಿಂದಿನ ಋತುವಿನಲ್ಲಿ ಮೊಣಕಾಲಿನ ಗಂಭೀರ ಗಾಯದಿಂದ ಹೊರಗುಳಿದಿದ್ದ ಹುಡುಗ, ಬ್ಯಾಸ್ಕೆಟ್ ಬಳಿಯೇ ಪಾಸ್ ಹಿಡಿದು ಲೇಅಪ್ ಹಾಕಿದ. ಗಡಿಯಾರದಲ್ಲಿ ಉಳಿದದ್ದು ಅರ್ಧ ಸೆಕೆಂಡ್. ಡಾರ್ಟ್‌ಮತ್ 59, ಯೇಲ್ 58.

ಅದೇ ರಾತ್ರಿ ಹಾರ್ವರ್ಡ್ ಬ್ರೌನ್ ಮೇಲೆ 72–62ರಿಂದ ಗೆದ್ದಿತ್ತು. ಇಬ್ಬರದೂ 11 ಗೆಲುವು, 3 ಸೋಲು.

ಡಾರ್ಟ್‌ಮತ್‌ಗೆ ಆ ಗೆಲುವಿನಿಂದ ಚಾಂಪಿಯನ್ ಆಗುವ ಯಾವ ಸಾಧ್ಯತೆಯೂ ಇರಲಿಲ್ಲ. ಆದರೆ ಎರಡೂ ಬಲಿಷ್ಠ ತಂಡಗಳ ಭವಿಷ್ಯವನ್ನು ಬರೆದದ್ದು ಅದೇ. ಲೀಗ್ ಎಂಬ ಪದ್ಧತಿಯ ಸೊಗಸು ನನಗೆ ಕಾಣುವುದು ಇಲ್ಲಿ. ತನಗೆ ಏನೂ ಸಿಗದ ರಾತ್ರಿಯಲ್ಲೂ ಒಬ್ಬ ಆಟಗಾರ ಕೊನೆಯ ಸೆಕೆಂಡಿನವರೆಗೆ ಓಡುತ್ತಾನೆ. ಪಟ್ಟಿಯ ತುದಿಯಲ್ಲಿರುವವರು ಅವನಿಗೂ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಪ್ಲೇಆಫ್ ನಡೆದದ್ದು ಮಾರ್ಚ್ 14ರಂದು, ಫಿಲಡೆಲ್ಫಿಯಾದ ಪಲೆಸ್ಟ್ರಾದಲ್ಲಿ. ಪೆನ್ ವಿಶ್ವವಿದ್ಯಾಲಯದ ಈ ಅಂಗಣ ಬಾಗಿಲು ತೆರೆದದ್ದು 1927ರಲ್ಲಿ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಅನ್ನು ಪ್ರೀತಿಸುವವರಿಗೆ ಇದು ಯಾತ್ರಾಸ್ಥಳ. ಸುಮಾರು 8,700 ಜನರು ಹಿಡಿಸುವ ಜಾಗ. ಮೊದಲ ಸಾಲುಗಳು ಅಂಕಣಕ್ಕೆ ಎಷ್ಟು ಹತ್ತಿರವೆಂದರೆ ಆಟಗಾರರ ಬೂಟಿನ ಕಿರುಗುಟ್ಟುವಿಕೆ ಪ್ರೇಕ್ಷಕರ ಕಿವಿಗೆ ನೇರ ಬೀಳುತ್ತದೆ.

ಪ್ಲೇಆಫ್ ಸೋಲಿನ ಕಹಿ ಅಮಾಕರ್‌ಗೂ ಗೊತ್ತಿತ್ತು. 2011ರಲ್ಲಿ ಯೇಲ್‌ನದೇ ಅಂಗಣದಲ್ಲಿ ನಡೆದ ಇಂಥದೇ ಪಂದ್ಯದಲ್ಲಿ ಪ್ರಿನ್ಸ್‌ಟನ್‌ನ ಡಗ್ಲಸ್ ಡೇವಿಸ್ ಕೊನೆಯ ಕ್ಷಣದಲ್ಲಿ ಹೊಡೆದ ಶಾಟ್ ಹಾರ್ವರ್ಡನ್ನು 63–62ರಿಂದ ಮುಳುಗಿಸಿತ್ತು. ಈ ಬಾರಿ ವೆಸ್ಲಿ ಸಾಂಡರ್ಸ್ ಇಡೀ ಪಂದ್ಯ ಹಾರ್ವರ್ಡ್‌ನ ಭಾರ ಹೊತ್ತ. ಯೇಲ್ ಬಿಡಲಿಲ್ಲ. ಪಂದ್ಯ 51–51ಕ್ಕೆ ಬಂದು ನಿಂತಿತು. ಆಗ ಚೆಂಡು ಕ್ಯಾಮರೂನ್‌ನಿಂದ ಬಂದ ಸ್ಟೀವ್ ಮೌಂಡೂ-ಮಿಸ್ಸಿಯ ಕೈಗೆ ಬಂತು. ಅವನ ಜಂಪ್ ಶಾಟ್ ಒಳಗೆ ಬಿದ್ದಾಗ ಉಳಿದದ್ದು 7.2 ಸೆಕೆಂಡ್. ಡ್ಯೂರನ್ ಕೊನೆಯದಾಗಿ ಮಾಡಿದ ಯತ್ನ ಫಲಿಸಲಿಲ್ಲ. ಹಾರ್ವರ್ಡ್ 53, ಯೇಲ್ 51.

ಆ ಋತುವಿನಲ್ಲಿ ಯೇಲ್ 22 ಪಂದ್ಯ ಗೆದ್ದಿತ್ತು. ಎನ್‌ಸಿಎಎ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಹಾರ್ವರ್ಡ್ ಹೋಗಿ, ಬಲಾಢ್ಯ ನಾರ್ತ್ ಕ್ಯಾರೊಲಿನಾ ಎದುರು 67–65ರಿಂದ ಸೋತು ಮರಳಿತು. ಹ್ಯಾನೋವರ್‌ನ ಆ ಅರ್ಧ ಸೆಕೆಂಡಿನ ಬೆಲೆ ಎಷ್ಟೆಂದು ಅಳೆಯಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮರುವರ್ಷ ಸಿಯರ್ಸ್ ಮತ್ತೆ ಬಂದ. 2015ರಂತೆ 2016ರಲ್ಲೂ ಲೀಗಿನ ಶ್ರೇಷ್ಠ ಆಟಗಾರ ಅವನೇ. ಯೇಲ್ 14ರಲ್ಲಿ 13 ಗೆದ್ದಿತು. ಪ್ರಿನ್ಸ್‌ಟನ್ 12 ಗೆದ್ದು ಬೆನ್ನ ಹಿಂದೆಯೇ ಇದ್ದದ್ದರಿಂದ ಕೊನೆಯ ವಾರದವರೆಗೂ ಉಸಿರು ಬಿಡುವಂತಿರಲಿಲ್ಲ. 54 ವರ್ಷಗಳ ನಂತರ ಎನ್‌ಸಿಎಎಗೆ ಬಂದ ಯೇಲ್, ಮಾರ್ಚ್ 17ರಂದು ಪ್ರಾವಿಡೆನ್ಸ್‌ನಲ್ಲಿ ಬೇಲರ್ ವಿಶ್ವವಿದ್ಯಾಲಯವನ್ನು 79–75ರಿಂದ ಸೋಲಿಸಿತು. ಮಕಾಯ್ ಮೇಸನ್ 31 ಅಂಕ ಗಳಿಸಿದ. ಆ ಟೂರ್ನಿಯ ಇತಿಹಾಸದಲ್ಲಿ ಯೇಲ್‌ಗೆ ಅದು ಮೊದಲ ಗೆಲುವು. ಮುಂದಿನ ಪಂದ್ಯದಲ್ಲಿ ಡ್ಯೂಕ್ ಎದುರು ಒಂದು ಹಂತದಲ್ಲಿ 27 ಅಂಕ ಹಿಂದಿದ್ದು, ಅಂತರವನ್ನು ಮೂರಕ್ಕೆ ತಂದು, 71–64ರಿಂದ ಸೋತರು. ಹದಿನೇಳು ವರ್ಷ ಕಾದ ಕೋಚ್‌ಗೆ ಸಿಕ್ಕ ಆ ವಾರವನ್ನು ನೆನೆದರೆ ಇವತ್ತಿಗೂ ಮನಸ್ಸು ತುಂಬುತ್ತದೆ.

ಮುಂದಿನದ್ದು ನನಗೆ ಬೇಸರದ ಸಂಗತಿ. 2017ರಿಂದ ಐವಿ ಲೀಗ್ ಕೂಡ ನಾಕೌಟ್ ಟೂರ್ನಿ ಆರಂಭಿಸಿತು. ಪಟ್ಟಿಯ ಮೊದಲ ನಾಲ್ಕು ತಂಡಗಳು ಸೆಮಿಫೈನಲ್, ಫೈನಲ್ ಆಡಿ ಟಿಕೆಟ್ ನಿರ್ಧರಿಸಬೇಕು. ಐಪಿಎಲ್ ನೋಡುವ ನಮಗೆ ಇದು ಹೊಸದಲ್ಲ. ಮೊದಲ ವರ್ಷವೇ ಅದರ ಅನ್ಯಾಯ ಬಯಲಾಗುವುದರಲ್ಲಿತ್ತು: 14ಕ್ಕೆ 14 ಗೆದ್ದಿದ್ದ ಪ್ರಿನ್ಸ್‌ಟನ್, ಲೀಗಿನಲ್ಲಿ ನಾಲ್ಕನೆಯದಾದ ಪೆನ್ ಎದುರು ಹೆಚ್ಚುವರಿ ಅವಧಿಯಲ್ಲಿ 72–64ರಿಂದ ಬಚಾವಾಯಿತು. ಅದೂ ಪೆನ್‌ನ ತವರಾದ ಪಲೆಸ್ಟ್ರಾದಲ್ಲಿ. 2024ರಲ್ಲಿ 12–2ರೊಂದಿಗೆ ಅಗ್ರಸ್ಥಾನದಲ್ಲಿದ್ದ ಪ್ರಿನ್ಸ್‌ಟನ್ ಸೆಮಿಫೈನಲ್‌ನಲ್ಲಿ ಬ್ರೌನ್‌ಗೆ ಸೋತು ಹೊರಬಿತ್ತು. ಫೈನಲ್‌ನಲ್ಲಿ ಮ್ಯಾಟ್ ನೋಲಿಂಗ್ ಕೊನೆಯ ಕ್ಷಣದಲ್ಲಿ ಹಾಕಿದ ಬ್ಯಾಸ್ಕೆಟ್‌ನಿಂದ ಯೇಲ್ ಬ್ರೌನನ್ನು 62–61ರಿಂದ ಸೋಲಿಸಿತು. ಆಮೇಲೆ ಎನ್‌ಸಿಎಎಯಲ್ಲಿ ಆಬರ್ನ್ ಅನ್ನೂ 78–76ರಿಂದ ಕೆಡವಿತು. ನಾನು ಮೆಚ್ಚುವ ತಂಡಕ್ಕೇ ಲಾಭವಾಯಿತು. ಆದರೂ ಹೇಳುತ್ತೇನೆ: ಎರಡು ತಿಂಗಳು ಎಲ್ಲರಿಗಿಂತ ಚೆನ್ನಾಗಿ ಆಡಿದವರನ್ನು ಒಂದು ಮಧ್ಯಾಹ್ನ ಮನೆಗೆ ಕಳಿಸುವ ಪದ್ಧತಿಗಿಂತ ಹಳೆಯದೇ ನ್ಯಾಯವಾದದ್ದಾಗಿತ್ತು. ಟಿವಿಗೆ ಟೂರ್ನಿ ಬೇಕು, ಹೆಚ್ಚು ತಂಡಗಳಿಗೆ ಕೊನೆಯವರೆಗೂ ಆಸೆ ಉಳಿಯುತ್ತದೆ ಎಂಬ ವಾದವಿದೆ. ಅದರಲ್ಲಿ ಹುರುಳೂ ಇದೆ. ಹಾಗಿದ್ದರೂ ಹ್ಯಾನೋವರ್‌ನಂಥ ರಾತ್ರಿಗೆ ಅಷ್ಟು ತೂಕ ಬರಲು ಅದರ ಮುಂದೆ ಎರಡನೇ ಅವಕಾಶ ಇರಬಾರದು. ಆ ತೂಕ ಈಗ ತಗ್ಗಿದೆ.

ತಗ್ಗಿದೆ ಎಂದರೆ ಪೂರ್ತಿ ಹೋಗಿಲ್ಲ. ಆ ನಾಲ್ಕರೊಳಗೆ ಸೇರುವ ಪೈಪೋಟಿ ಇದ್ದೇ ಇದೆ. ಬಾಸ್ಟನ್, ಕನೆಕ್ಟಿಕಟ್, ನ್ಯೂಜೆರ್ಸಿ, ಫಿಲಡೆಲ್ಫಿಯಾ ಸುತ್ತಮುತ್ತ ನೆಲೆಸಿರುವ ಕನ್ನಡಿಗರಲ್ಲಿ ನನ್ನದೊಂದು ಕೋರಿಕೆ: ಈ ಅಂಗಣಗಳು ನಿಮ್ಮ ಮನೆಯಿಂದ ಕಾರಿನ ದಾರಿಯಲ್ಲೇ ಇವೆ. ಎನ್‌ಬಿಎ ಟಿಕೆಟ್‌ಗೆ ದುಡ್ಡು ಸುರಿಯುವ ಮೊದಲು, ಫೆಬ್ರವರಿಯ ಒಂದು ಸಂಜೆ ಮಕ್ಕಳನ್ನು ಕರೆದುಕೊಂಡು ಇಲ್ಲಿಗೊಮ್ಮೆ ಹೋಗಿ. ಊರಲ್ಲಿ ಇರುವ ನಮಗೂ ಕಷ್ಟವೇನಿಲ್ಲ. ಅಲ್ಲಿನ ಚಳಿಗಾಲದ ಶುಕ್ರವಾರ ರಾತ್ರಿ 7 ಗಂಟೆ ನಮಗೆ ಶನಿವಾರ ಬೆಳಗಿನ 5.30. ಎಂಟರಲ್ಲಿ ಒಂದು ತಂಡವನ್ನು ಆರಿಸಿಕೊಳ್ಳಿ, 14 ಪಂದ್ಯಗಳನ್ನೂ ಬಿಡದೆ ಹಿಂಬಾಲಿಸಿ.