ದೂರದ ಆಟಗಾರರು, ಭಾರದ ನಕ್ಷೆ

ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲಿಯೇ ಅರ್ಥಧಾರಿಗಳು ಮಾತಿನಿಂದ ರಣರಂಗವನ್ನು ಕಟ್ಟಿ ನಿಲ್ಲಿಸುವರು. ಇದಕ್ಕೆ ದೂರದ ನಂಟನೆನ್ನಬಹುದಾದ ಆಟವೊಂದು ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಅದರ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಒಬ್ಬನು ಸೂತ್ರಧಾರನಾಗಿ ಕಥೆ ನಡೆಸುತ್ತಾನೆ; ಉಳಿದವರು ಒಂದೊಂದು ಪಾತ್ರ ವಹಿಸಿ ಮಾತನಾಡುತ್ತಾರೆ; ಸೋಲು ಗೆಲುವಿನ ಸಂಶಯವನ್ನು ದಾಳ ತೀರಿಸುತ್ತದೆ. ಮೇಜಿನ ಸುತ್ತ ನಡೆಯುತ್ತಿದ್ದ ಈ ಆಟ ಈಗ ಅಂತರ್ಜಾಲದಲ್ಲಿಯೂ ನಡೆಯುತ್ತದೆ. ೨೦೧೨ರಲ್ಲಿ ಬಂದ ರೋಲ್ ಟ್ವೆಂಟಿ, ೨೦೨೦ರಲ್ಲಿ ಬಂದ ಫೌಂಡ್ರಿ ಇವು ಅಂಥ ಮೇಜುಗಳು. ನಿಮ್ಮ ಮನೆಯ ಮಕ್ಕಳೂ ಪರ ಊರಿನ ಗೆಳೆಯರೊಡನೆ ಇದನ್ನು ಆಡುತ್ತಿರಬಹುದು.

ಇಲ್ಲಿ ಬರುವ ತೊಡಕು ನಕ್ಷೆಯದು. ಕೋಟೆಯ ಬಾಗಿಲು ತೆರೆಯಿತೆಂದು ಸೂತ್ರಧಾರನು ಸಾರುತ್ತಾನೆ. ನಾಲ್ವರಿಗೆ ಕೋಟೆ ಕಾಣಿಸುತ್ತದೆ. ಹಳೆಯ ಯಂತ್ರವುಳ್ಳ ಐದನೆಯವನ ಮುಂದೆ ಬರಿಯ ಕಪ್ಪು ತೆರೆ. ಅವನಿಗಾಗಿ ಕಾದರೆ ಕಥೆಯ ಕಾವು ಆರುವುದು. ಕಾಯದಿದ್ದರೆ ಅವನು ಕೂಟದ ಹೊರಗಾಗುವನು. ವಾರವಾರವೂ ಹೀಗಾದರೆ ಅವನು ಬರುವುದನ್ನೇ ಬಿಟ್ಟಾನು. ಆದ್ದರಿಂದ ಇದರ ಕಾರಣವನ್ನು ವಿಚಾರಿಸಬೇಕಾದುದು ಅವಶ್ಯಕ.

ನಕ್ಷೆಗೆ ಎರಡು ಬಗೆಯ ಭಾರಗಳುಂಟು. ಮೊದಲನೆಯದು ದಾರಿಯ ಭಾರ. ಸೂತ್ರಧಾರನು ತನ್ನ ಮನೆಯ ಯಂತ್ರದಿಂದಲೇ ಆಟ ನಡೆಸುವನೆಂದು ಭಾವಿಸಿರಿ. ೨೦ ಮೆಗಾಬೈಟಿನ ನಕ್ಷೆ ಐವರಿಗೂ ಬೇರೆ ಬೇರೆಯಾಗಿ ಹೋಗಬೇಕು. ಒಟ್ಟು ೧೦೦ ಮೆಗಾಬೈಟು, ಅಂದರೆ ೮೦೦ ಮೆಗಾಬಿಟ್ಟು. ಮನೆಯಿಂದ ಹೊರಹೋಗುವ ವೇಗ ಸೆಕೆಂಡಿಗೆ ೧೦ ಮೆಗಾಬಿಟ್ಟಾದರೆ ೮೦ ಸೆಕೆಂಡು ಬೇಕು. ನಕ್ಷೆ ೨ ಮೆಗಾಬೈಟಿಗೆ ಇಳಿದರೆ ೮ ಸೆಕೆಂಡು ಸಾಕು. ಪಿಎನ್‌ಜಿ ರೂಪದ ಚಿತ್ರವನ್ನು, ಗೂಗಲ್ ಸಂಸ್ಥೆ ೨೦೧೦ರಲ್ಲಿ ಪ್ರಕಟಿಸಿದ ವೆಬ್‌ಪಿ ರೂಪಕ್ಕೆ ಮಾರ್ಪಡಿಸಿದರೆ ಗಾತ್ರ ಬಹಳಷ್ಟು ತಗ್ಗುವುದು. ಕಣ್ಣಿಗೆ ಕಾಣುವ ನಷ್ಟ ಅಲ್ಪ.

ಎರಡನೆಯದು ಮೆಮೊರಿಯ ಭಾರ. ಹಲವರು ಗಮನಿಸದ ವಿಷಯವಿದು. ಮಡಿಸಿ ಪೆಟ್ಟಿಗೆಯಲ್ಲಿಟ್ಟ ಜಮಖಾನೆ ಎಷ್ಟೇ ಚಿಕ್ಕದಾಗಿ ಕಂಡರೂ ಹಾಸಿದಾಗ ತನ್ನ ಪೂರ್ತಿ ಜಾಗವನ್ನು ಹಿಡಿಯುತ್ತದಷ್ಟೆ. ಚಿತ್ರವೂ ಹಾಗೆಯೇ. ತೆರೆಯ ಮೇಲೆ ಬಿಚ್ಚಿಕೊಂಡಾಗ ಅದರ ಪ್ರತಿಯೊಂದು ಚುಕ್ಕೆಗೂ, ಎಂದರೆ ಪಿಕ್ಸೆಲಿಗೂ, ಸಾಮಾನ್ಯವಾಗಿ ೪ ಬೈಟು ಬೇಕು. ಉದ್ದಕ್ಕೆ ೪೦, ಅಗಲಕ್ಕೆ ೩೦ ಮನೆಗಳುಳ್ಳ ನಕ್ಷೆಯಲ್ಲಿ ಮನೆಯ ಒಂದೊಂದು ಬದಿಗೆ ೧೪೦ ಚುಕ್ಕೆಗಳಿದ್ದರೆ ಒಟ್ಟು ೨.೩೫ ಕೋಟಿ ಚುಕ್ಕೆ, ಸುಮಾರು ೯.೪ ಕೋಟಿ ಬೈಟು. ವೆಬ್‌ಪಿ ಮಾಡಿದ ಮಾತ್ರಕ್ಕೆ ಈ ಲೆಕ್ಕ ಇಳಿಯದು. ಬದಿಗೆ ೭೦ ಚುಕ್ಕೆಗಳಾದರೆ ಮಾತ್ರ ಕಾಲು ಪಾಲಿಗೆ ಇಳಿಯುವುದು. ಉದ್ದ ಅಗಲ ಎರಡೂ ಅರ್ಧವಾಗುವುವಲ್ಲವೆ? ಆದಕಾರಣ ಎರಡು ರೋಗಗಳಿಗೂ ಒಂದೇ ಮದ್ದೆಂದು ತಿಳಿಯಬಾರದು.

ಇನ್ನು ಕೆಲವು ಉಪಾಯಗಳನ್ನು ಹೇಳಬಹುದು. ಕೋಟೆಯ ಮೂರು ಅಂತಸ್ತುಗಳನ್ನು ಒಂದೇ ಚಿತ್ರದಲ್ಲಿ ತುಂಬದೆ ಮೂರು ದೃಶ್ಯಗಳಾಗಿ ಬೇರ್ಪಡಿಸಿರಿ. ದೀಪದ ಬೆಳಕು ಗೋಡೆಗೆ ತಡೆದು ನಿಲ್ಲುವಂತೆ ಎಳೆಯುವ ಗೆರೆಗಳು ಹೆಚ್ಚಿದಷ್ಟೂ ಯಂತ್ರದ ಗಣನೆ ಹೆಚ್ಚುವುದು. ಗುಹೆಯ ಪ್ರತಿಯೊಂದು ಕೊಂಕನ್ನೂ ಅನುಸರಿಸದೆ ಉದ್ದನೆಯ ನೇರ ಗೆರೆಗಳನ್ನೇ ಬಳಸಿರಿ. ಅಲೆಯಾಡುವ ನೀರು, ಉರಿಯುವ ಬೆಂಕಿಯ ಚಲಿಸುವ ಚಿತ್ರಗಳನ್ನು ಮಿತಗೊಳಿಸಿರಿ. ಫೌಂಡ್ರಿಯಲ್ಲಿ ಮುಂದಿನ ದೃಶ್ಯವನ್ನು ಮೊದಲೇ ಎಲ್ಲರ ಯಂತ್ರಕ್ಕೂ ಕಳಿಸಿಡುವ ಅನುಕೂಲವುಂಟು. ಮಾತುಕತೆ ನಡೆಯುತ್ತಿರುವಾಗಲೇ ಆ ಕೆಲಸ ಮುಗಿದಿರಲಿ.

ಕೂಟದಲ್ಲಿ ಯಾರ ಯಂತ್ರ ಎಲ್ಲಕ್ಕಿಂತ ಹಳೆಯದೋ ಅದರಲ್ಲಿಯೇ ನಕ್ಷೆಯನ್ನು ಮೊದಲು ಪರೀಕ್ಷಿಸುವುದು ಲೇಸು. ಅಲ್ಲಿ ತೆರೆದದ್ದು ಉಳಿದ ಕಡೆಯೂ ತೆರೆದೀತು. ಚಿತ್ರದ ಸೊಬಗು ಸ್ವಲ್ಪ ತಗ್ಗಿದರೆ ಕಥೆಗೇನೂ ಕುಂದಿಲ್ಲ. ಆಟಗಾರನೊಬ್ಬನು ತಪ್ಪಿಹೋದರೆ ಒಂದು ಪಾತ್ರವೇ ತಪ್ಪಿಹೋಗುವುದು.